ಕಾಂಪೌಂಡರ್ ಕಂಡ ಬಾಕ್ಸರ್

ಹೋದ ತಿಂಗಳು ನೆಗಡಿಯಾಗಿ ಮೂಗು ಕಟ್ಟಿತ್ತು. ಮಗಳು ಔಷಧಿ ಅಂಗಡಿಯಿಂದ ಕಂದುಬಣ್ಣದ ಪುಟ್ಟ ಬಾಟಲಿಯೊಂದನ್ನು ತಂದು, ಕುದಿಯುವ ನೀರಿಗೆ ನಾಲ್ಕು ಹನಿ ಬಿಟ್ಟು, ನನ್ನ ತಲೆಯ ಮೇಲೆ ಟವೆಲು ಹೊದಿಸಿ ಕೂರಿಸಿದಳು. ಟಿಂಚರ್ ಬೆಂಜಾಯಿನ್. ಹಬೆಯ ಜೊತೆ ಆ ವಾಸನೆ ಒಳಗೆ ಹೋದದ್ದೇ ತಡ, ಟವೆಲಿನ ಕತ್ತಲಲ್ಲಿ ನನಗೆ ಅಜ್ಜಂಪುರ ಸ್ಟೇಷನ್ನಿನ ಬೆಳಗಿನ ಗಾಡಿ ಕಾಣಿಸಿತು. ಅದರ ಕಿಟಕಿ ಪಕ್ಕದ ಸೀಟು, ಅಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಿದ್ದ ಕಾಂಪೌಂಡರು... ಅವರ ಅಂಗಿ, ಊಟದ ಡಬ್ಬಿಯ ಚೀಲ, ಓದಿ ಮಡಿಸಿ ಕೊಡುತ್ತಿದ್ದ ಪೇಪರು, ಎಲ್ಲಕ್ಕೂ ಇದೇ ವಾಸನೆ ಇರುತ್ತಿತ್ತು.

ಅದು ಎಪ್ಪತ್ತರ ದಶಕದ ಕೊನೆ. ನಾನು ಕಡೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಆಗಿನ್ನೂ ಮದುವೆಯಾಗಿರಲಿಲ್ಲ. ಅಜ್ಜಂಪುರದಲ್ಲಿ ಮನೆ, ಕಡೂರಿನಲ್ಲಿ ಕೆಲಸ. ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಸಂಜೆಯ ಗಾಡಿಯಲ್ಲಿ ಬರುವವರು ಹತ್ತಿಪ್ಪತ್ತು ಜನ ಇದ್ದೆವು. ಅವರಲ್ಲಿ ನಾವು ನಾಲ್ವರು ಯಾವತ್ತೂ ಒಂದೇ ಕಡೆ, ಎದುರುಬದುರು ಸೀಟಿನಲ್ಲಿ ಕೂರುತ್ತಿದ್ದೆವು. ನಾನು, ಕಡೂರಿನ ಬ್ಯಾಂಕೊಂದರ ಕ್ಯಾಷಿಯರು, ಈರುಳ್ಳಿ ಮಂಡಿ ಇಟ್ಟುಕೊಂಡು ದಿನಾ ಕಡೂರಿನ ಕಡೆ ಓಡಾಡುತ್ತಿದ್ದ ಸಾವ್ಕಾರರು, ಮತ್ತು ಅಲ್ಲಿಯ ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ಗಾಯ ಕಟ್ಟುತ್ತಿದ್ದ ಕಾಂಪೌಂಡರು.

ಕಾಂಪೌಂಡರಿಗೆ ಆಗ ಐವತ್ತರ ಹತ್ತಿರ ವಯಸ್ಸು. ಮಿಲಿಟರಿಯಲ್ಲಿ ಇದ್ದು ಬಂದವರೆಂದು ಎಲ್ಲರಿಗೂ ಗೊತ್ತಿತ್ತು. ಅದರಾಚೆಗೆ ಯಾರಿಗೂ ಹೆಚ್ಚು ಗೊತ್ತಿರಲಿಲ್ಲ. ಮೂಗಿನ ಮೂಳೆ ಸ್ವಲ್ಪ ಕೂತಿತ್ತು, ಎಡಹುಬ್ಬಿನ ನಡುವೆ ಕೂದಲಿಲ್ಲದ ಒಂದು ಗೆರೆ ಇತ್ತು. ಎಂದೋ ಸೈಕಲ್ಲಿನಿಂದ ಬಿದ್ದಿರಬೇಕು ಎಂದುಕೊಂಡಿದ್ದೆ. ಮಾತು ಕಡಿಮೆ. ಆದರೆ ಗಾಡಿಯ ಬಾಗಿಲಿಗೆ ಯಾರದಾದರೂ ಬೆರಳು ಸಿಕ್ಕಿದರೆ, ಯಾವುದಾದರೂ ಮಗು ವಾಂತಿ ಮಾಡಿಕೊಂಡರೆ, ಜನ ಕರೆಯುವುದಕ್ಕೆ ಮೊದಲೇ ಎದ್ದು ಹೋಗಿರುತ್ತಿದ್ದರು. ಗಾಯ ಕಟ್ಟುವಾಗ ಅವರ ಬಲಗೈಯ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಪೂರ್ತಿ ಮಡಿಚುತ್ತಿರಲಿಲ್ಲ. ಅದನ್ನೂ ನಾನು ಗಮನಿಸಿದ್ದೆ. ಕೇಳಿರಲಿಲ್ಲ.

ತರೀಕೆರೆಯಲ್ಲಿ ಒಬ್ಬ ಬಾಕ್ಸರ್ ಇದ್ದರು. ನಮ್ಮ ಕಡೆಯ ಹಳಬರಿಗೆಲ್ಲ ಅವರು ಗೊತ್ತು. ಐವತ್ತರ ದಶಕದಲ್ಲಿ ಸೈನ್ಯದ ಬಾಕ್ಸಿಂಗಿನಲ್ಲಿ ಚಾಂಪಿಯನ್ ಆಗಿ, ಡೆಲ್ಲಿಯವರೆಗೆ ಹೋಗಿ ಗೆದ್ದು, ಪೇಪರಿನಲ್ಲಿ ಫೋಟೋ ಬಂದಿದ್ದ ಮನುಷ್ಯ. ಹಿಂದೆ ಅವರು ರಜಕ್ಕೆ ಊರಿಗೆ ಬಂದಾಗ ಸ್ಟೇಷನ್ನಿನಿಂದ ಎತ್ತಿನ ಗಾಡಿಯಲ್ಲಿ ಮೆರವಣಿಗೆ ಮಾಡಿದ್ದರಂತೆ. ನಾವು ನೋಡುವ ಹೊತ್ತಿಗೆ ಅವರು ಮರ ಕೊಯ್ಯುವ ಒಂದು ಸಾಮಿಲ್ಲಿನ ಗೇಟಿನಲ್ಲಿ ವಾಚ್‌ಮನ್ ಆಗಿದ್ದರು. ಹೊಟ್ಟೆ ಬಂದಿತ್ತು. ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು.

ಒಂದು ದಿನ ಕ್ಯಾಷಿಯರು ಯಾವುದೋ ಕೆಲಸಕ್ಕೆ ತರೀಕೆರೆಗೆ ಹೋಗಿ ಅವರನ್ನು ನೋಡಿ ಬಂದರು. ಮರುದಿನ ಗಾಡಿ ಹೊರಡುವ ಮೊದಲೇ ಶುರುಮಾಡಿದರು.

"ನಿನ್ನೆ ನಿಮ್ಮ ಚಾಂಪಿಯನ್ ದರ್ಶನ ಆಯ್ತು ಕಣ್ರೀ ಸಾವ್ಕಾರ್ರೇ. ಸ್ಟೂಲ್ ಮೇಲೆ ಕೂತ್ಕೊಂಡು ಬಾಯಿ ಬಿಟ್ಕೊಂಡು ನಿದ್ದೆ ಮಾಡ್ತಿದ್ರು. ನಂಗೆ ಡೌಟು. ಆ ಮನುಷ್ಯ ನಿಜವಾಗ್ಲೂ ಅಷ್ಟು ಚೆನ್ನಾಗಿ ಆಡ್ತಿದ್ರಾ?"

ಸಾವ್ಕಾರರಿಗೆ ಅದು ತಮ್ಮ ಮನೆತನಕ್ಕೇ ಅಂದ ಹಾಗಾಯಿತು. ಅವರು ಹುಡುಗರಾಗಿದ್ದಾಗ ತರೀಕೆರೆಯ ಸ್ಕೂಲ್ ಮೈದಾನದಲ್ಲಿ ಆ ಬಾಕ್ಸರ್ ಪ್ರದರ್ಶನಕ್ಕೆಂದು ಆಡಿದ್ದನ್ನು ಕಣ್ಣಾರೆ ನೋಡಿದ್ದರು. ಒಬ್ಬರಾದ ಮೇಲೆ ಒಬ್ಬರಂತೆ ಮೂರು ಜನ ಪೈಲ್ವಾನರು ಎದುರಿಗೆ ನಿಂತರೂ ಒಬ್ಬನಿಗೂ ಅವರನ್ನು ಮುಟ್ಟಲಾಗಲಿಲ್ಲವಂತೆ.

"ಪೈಲ್ವಾನ್ರು ಬಾಕ್ಸಿಂಗ್ ಆಡ್ತಾರೇನ್ರೀ? ಅವ್ರು ಮಣ್ಣಲ್ಲಿ ಕುಸ್ತಿ ಆಡೋರು. ಪ್ರದರ್ಶನ ಬೇರೆ, ಪಂದ್ಯ ಬೇರೆ," ಎಂದರು ಕ್ಯಾಷಿಯರು.

"ಡೆಲ್ಲೀಲಿ ಗೆದ್ದಿದ್ದು?"

"ಆ ಕಾಲದಲ್ಲಿ ಈ ದೇಶದಲ್ಲಿ ಬಾಕ್ಸಿಂಗ್ ಆಡ್ತಿದ್ದವ್ರು ಎಷ್ಟು ಜನ? ಅಷ್ಟು ಜನದಲ್ಲಿ ಮೊದಲ್ನೇಯವ್ನು ಅಂದ್ರೆ ಏನಾಯ್ತು?"

ಈ ವಾದ ಒಂದು ದಿನಕ್ಕೆ ಮುಗಿಯಲಿಲ್ಲ. ಮುಂದಿನ ಎರಡು ತಿಂಗಳು ಅದೇ ನಡೆಯಿತು. ಅಜ್ಜಂಪುರದಲ್ಲಿ ಎತ್ತಿಕೊಂಡರೆ ಬೀರೂರಿನಲ್ಲಿ ಎಂಜಿನ್ನು ನೀರು ಕುಡಿಯುವಾಗಲೂ ಬಿಡುತ್ತಿರಲಿಲ್ಲ. ಕ್ಯಾಷಿಯರು ಆಟದ ಸುದ್ದಿ ಓದುವವರು, ಹೊರದೇಶದ ದೊಡ್ಡ ಬಾಕ್ಸರುಗಳ ಹೆಸರನ್ನೆಲ್ಲ ಹೇಳಿ, ಅವರ ಮುಂದೆ ನಮ್ಮವರು ಒಂದು ರೌಂಡು ನಿಲ್ಲುತ್ತಿದ್ದರೇ ಎಂದು ಕೇಳುತ್ತಿದ್ದರು. ಸಾವ್ಕಾರರಿಗೆ ಹೆಸರುಗಳು ಗೊತ್ತಿರಲಿಲ್ಲ. "ನಾನು ನೋಡೀನಿ, ನೀವು ನೋಡಿಲ್ಲ" ಎಂಬುದೊಂದೇ ಅವರ ಉತ್ತರ. ನಾನು ಒಂದು ದಿನ ಇವರ ಕಡೆ, ಇನ್ನೊಂದು ದಿನ ಅವರ ಕಡೆ. ಬೇರೆ ಬೋಗಿಯವರೂ ನಮ್ಮ ವಾದ ಕೇಳಲು ಬಂದು ನಿಲ್ಲುತ್ತಿದ್ದರು.

ಕಾಂಪೌಂಡರು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಪೇಪರು ಮುಗಿದರೂ ಮಡಿಸದೆ ಮುಖದ ಮುಂದೆ ಹಿಡಿದಿರುತ್ತಿದ್ದರು. ಒಂದೇ ಒಂದು ಸಲ, ಕ್ಯಾಷಿಯರು ಆ ಬಾಕ್ಸರ್‌ನದು ಬರೀ ಬಲಗೈ ಬಲ, ಎಮ್ಮೆಯ ಬಲ ಅಂದಾಗ, ಪೇಪರಿನ ಹಿಂದಿನಿಂದ ಮಾತು ಬಂತು.

"ಅವನ ಎಡಗೈ ನೋಡಿದ್ರಾ ಸಾಹೇಬ್ರೇ ನೀವು?"

ನಾವು ಮೂವರೂ ತಿರುಗಿ ನೋಡಿದೆವು. ಅವರು ಪುಟ ತಿರುಗಿಸಿದರು. ಬೀರೂರು ಬಂತು.

ಆ ಭಾನುವಾರ ನನಗೆ ಕಾಲಿನಲ್ಲಿ ಕುರುವೆದ್ದು ನಡೆಯಲಾಗದೆ, ಕುಂಟಿಕೊಂಡೇ ಕಾಂಪೌಂಡರ ಮನೆಗೆ ಹೋದೆ. ಅವರಿರಲಿಲ್ಲ. ಬುಕ್ಕಾಂಬುಧಿಯಲ್ಲಿ ಅವರ ಅಣ್ಣನ ಮನೆ, ಅಲ್ಲಿಗೆ ಹೋಗಿದ್ದರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಕೂರಿಸಿ ಕಾಫಿ ಕೊಟ್ಟರು. ಒಳಗಿನ ಗೋಡೆಯಲ್ಲಿ, ಕ್ಯಾಲೆಂಡರಿನ ಹಿಂದೆ ಅರ್ಧ ಮರೆಯಾಗಿ, ಒಂದು ಫೋಟೋ ಇತ್ತು. ಹಗ್ಗ ಕಟ್ಟಿದ ಅಖಾಡ, ಒಳಗೆ ಕೈಗವಸು ಹಾಕಿದ ಇಬ್ಬರು ಯುವಕರು. ಎತ್ತರದವರು ತರೀಕೆರೆಯ ಬಾಕ್ಸರ್. ಆ ಮುಖ ಪೇಪರಿನ ಹಳೆಯ ಫೋಟೋದಿಂದ ನನಗೆ ಗೊತ್ತಿತ್ತು. ಇನ್ನೊಬ್ಬರನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು.

"ಅಕ್ಕಾ, ಇವ್ರು ನಮ್ಮ ಕಾಂಪೌಂಡ್ರಾ?"

"ಹೂಂ ಕಣಪ್ಪಾ. ಬೆಂಗಳೂರಲ್ಲಿ ಮಿಲಿಟರಿಯೋರ ಫೈನಲ್ಲು. ನಮ್ಮ ಮದುವೆ ಆದ ವರ್ಷ. ಇವ್ರೇ ಗೆಲ್ಲಬೇಕಾಗಿತ್ತು. ಕೈ ಮುರಿದಿತ್ತು. ಮುರಿದ ಕೈಯಲ್ಲೇ ಹೋಗಿ ನಿಂತ್ರು. ಆ ಮನುಷ್ಯ ಗೆದ್ಬಿಟ್ಟ, ಅಲ್ಲಿಂದ ಡೆಲ್ಲಿಗೂ ಹೋದ, ದೊಡ್ಡ ಹೆಸ್ರು ಮಾಡ್ದ. ಇವ್ರು ಪಟ್ಟಿ ಕಟ್ಕೊಂಡು ಊರಿಗೆ ಬಂದ್ರು." ಅಕ್ಕ ಕ್ಯಾಲೆಂಡರನ್ನು ಮತ್ತೆ ಸರಿಪಡಿಸಿದರು. "ಇವ್ರು ಅದರ ಮಾತೇ ಎತ್ತಲ್ಲ. ನೀನೂ ಕೇಳ್ಬೇಡ."

ಕೇಳಬೇಡ ಎಂದಿದ್ದರು, ನಾನು ಕೇಳಲಿಲ್ಲ. ಆದರೆ ಹೇಳಿಬಿಟ್ಟೆ. ಮಾರನೆಯ ದಿನ ಕಾಂಪೌಂಡರು ಊರಿನಿಂದ ಬಂದಿರಲಿಲ್ಲ. ಅವರ ಜಾಗ ಖಾಲಿಯಿತ್ತು. ಗಾಡಿ ಹೊರಟು ಐದು ನಿಮಿಷವಾಗಿರಲಿಲ್ಲ, ನಾನು ಕಂಡದ್ದನ್ನೂ ಕೇಳಿದ್ದನ್ನೂ ಒಂದೂ ಬಿಡದೆ ಒಪ್ಪಿಸಿದ್ದೆ. ಅವರ ಮೇಲಿನ ಅಭಿಮಾನದಿಂದ ಹೇಳಿದೆ ಎಂದು ಆಗ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಎಲ್ಲರೂ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಲಿ ಎಂಬ ಆಸೆಯೂ ಇತ್ತು. ನೋಡಿದರು.

ಕ್ಯಾಷಿಯರು ಸೀಟಿನ ಹಲಗೆಗೆ ಕೈ ಬಡಿದರು. "ನೋಡಿದ್ರಾ? ಕೈ ಮುರಿದವನನ್ನ ಹೊಡೆದು ಚಾಂಪಿಯನ್ ಆಗಿದ್ದಾನೆ ನಿಮ್ಮ ಮನುಷ್ಯ. ಅಲ್ಲಿಂದ ಮುಂದಿನದ್ದೆಲ್ಲ ಅದರ ಮೇಲೆ ನಿಂತಿದ್ದು."

ಸಾವ್ಕಾರರು ಅವತ್ತು ಕಿಟಕಿಯ ಆಚೆ ನೋಡುತ್ತ ಕೂತರು.

ವಾರ ಕಳೆಯುವಷ್ಟರಲ್ಲಿ ಅಜ್ಜಂಪುರದ ತುಂಬ ಸುದ್ದಿಯಾಯಿತು. ಜನ ಬೀದಿಯಲ್ಲಿ ಕಾಂಪೌಂಡರಿಗೆ ಕೈಮುಗಿಯತೊಡಗಿದರು. ಊರಿನ ಯುವಕ ಸಂಘದವರು ರಾಜ್ಯೋತ್ಸವಕ್ಕೆ ಅವರಿಗೆ ಸನ್ಮಾನ ಮಾಡುವುದೆಂದು ನಿಶ್ಚಯಿಸಿ, ಅವರನ್ನು ಒಂದು ಮಾತೂ ಕೇಳದೆ ಹಳದಿ ಕಾಗದದಲ್ಲಿ ಹ್ಯಾಂಡ್‌ಬಿಲ್ ಹೊಡೆಸಿದರು. 'ಮುರಿದ ಕೈಯಲ್ಲಿ ಸೆಣಸಿದ ನಿಜವಾದ ಚಾಂಪಿಯನ್' ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿತ್ತು. ಬಸ್ಸಿನವರ ಕೈಗೂ ಒಂದು ಕಟ್ಟು ಕೊಟ್ಟರು. ತರೀಕೆರೆಯ ಬಸ್ ಸ್ಟ್ಯಾಂಡಿಗೂ ಅದು ಹೋಯಿತು.

ಕಾಂಪೌಂಡರು ನನ್ನನ್ನು ಬೈಯಲಿಲ್ಲ. ಹ್ಯಾಂಡ್‌ಬಿಲ್ ಬಂದ ಮರುದಿನ ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ನನ್ನ ಹತ್ತಿರ ಬಂದು, "ಫೋಟೋ ನೋಡಿದ್ಯಂತೆ ತಮ್ಮಾ" ಎಂದರು. ನಾನು ಹೂಂ ಎಂದೆ. ಅವರು ತಲೆಯಾಡಿಸಿ ಮುಂದೆ ನಡೆದು ಎರಡು ಬೋಗಿ ಆಚೆ ಹತ್ತಿಕೊಂಡರು. ಅವತ್ತಿನಿಂದ ಅವರು ನಮ್ಮ ಜೊತೆ ಕೂರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಿಟಕಿ ಪಕ್ಕದ ಆ ಜಾಗದಲ್ಲಿ ಯಾರು ಯಾರೋ ಬಂದು ಕೂರುತ್ತಿದ್ದರು, ನನಗೆ ಗಾಡಿ ಹತ್ತುವುದೇ ಬೇಡವೆನಿಸುತ್ತಿತ್ತು...

ಹದಿನೈದು ದಿನವಾಗಿತ್ತೇನೋ. ಸಂಜೆಯ ಗಾಡಿ. ಅವತ್ತು ಬೇರೆ ಬೋಗಿಗಳು ಕಿಕ್ಕಿರಿದಿದ್ದರಿಂದ ಕಾಂಪೌಂಡರೂ ನಮ್ಮಲ್ಲಿಗೇ ಹತ್ತಬೇಕಾಯಿತು. ಡಬ್ಬಿಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ತರೀಕೆರೆ ಕಡೆಯವರು ಗಾಡಿ ಬದಲಿಸುವ ಬೀರೂರಿನಲ್ಲಿ ನಮ್ಮ ಗಾಡಿ ನಿಂತಿತು. ಪ್ಲಾಟ್‌ಫಾರ್ಮಿನಲ್ಲಿ ಖಾಕಿ ಅಂಗಿಯ ಎತ್ತರದ ಮನುಷ್ಯನೊಬ್ಬ ಒಂದೊಂದೇ ಕಿಟಕಿಗೆ ಬಗ್ಗಿ ನೋಡುತ್ತ ಬರುತ್ತಿದ್ದ. ನಮ್ಮ ಕಿಟಕಿಗೆ ಬಗ್ಗಿದ, ನಿಂತ, ಬಾಗಿಲಿನ ಕಂಬಿ ಹಿಡಿದು ಕಷ್ಟಪಟ್ಟು ಹತ್ತಿದ. ತಲೆಗೂದಲಿನಲ್ಲಿ ಮರದ ಹೊಟ್ಟಿನ ಪುಡಿ ಕೂತಿತ್ತು. ಕೈಯಲ್ಲಿ ಹಳದಿ ಕಾಗದ.

ತರೀಕೆರೆಯ ಬಾಕ್ಸರ್. ಸಾವ್ಕಾರರು ಎದ್ದು ನಿಂತು ಜಾಗ ಬಿಟ್ಟರು. ಬಾಕ್ಸರ್ ಕೂರಲಿಲ್ಲ. ಉಸಿರು ಹದಕ್ಕೆ ಬರುವವರೆಗೆ ಮೇಲಿನ ಹಲಗೆ ಹಿಡಿದು ನಿಂತಿದ್ದರು. ಗಾಡಿ ಹೊರಟಿತು.

"ಇದು ನಿಜಾನೇನಯ್ಯಾ?" ಎಂದರು, ಕಾಗದವನ್ನು ಕಾಂಪೌಂಡರ ಮುಂದೆ ಹಿಡಿದು. "ನಿನ್ನ ಕೈ ಮುರಿದಿತ್ತಾ ಅವತ್ತು?"

ಕಾಂಪೌಂಡರು ಕಾಗದ ನೋಡಲಿಲ್ಲ. ಅವರನ್ನೇ ನೋಡುತ್ತಿದ್ದರು. ಇಪ್ಪತ್ತೈದು ವರ್ಷದ ಮೇಲೆ ಇಬ್ಬರೂ ಎದುರುಬದುರಾಗಿದ್ದರು.

"ಮುರಿದಿತ್ತು," ಎಂದರು.

ಬಾಕ್ಸರ್ ಮುಖ ಇಳಿದುಹೋದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ಸೀಟಿನ ಅಂಚಿಗೆ ಮೆಲ್ಲಗೆ ಕೂತರು.

"ಸಾಮಿಲ್ಲಲ್ಲಿ ಹುಡುಗ್ರು ದಿನಾ ಆಡ್ಕೊತಾರೆ. ಅವ್ರು ಆಡ್ಕೊಳ್ಳಲಿ. ನಂಗೆ ನಿದ್ದೆ ಬರ್ತಿಲ್ಲ ಕಣಯ್ಯಾ. ಡೆಲ್ಲೀಲಿ ಗೆದ್ದಿದ್ದೆಲ್ಲ ನಂಗೆ ಅಷ್ಟು ನೆನಪಿಲ್ಲ. ಆದ್ರೆ ನಿನ್ ಮೇಲೆ ಗೆದ್ದಿದ್ದು ನೆನಪೈತೆ. ನಿನ್ನಂಗೆ ಆಡೋನು ಆಮೇಲೆ ನಂಗೆ ಸಿಗ್ಲಿಲ್ಲ. ಅವತ್ತು ನಾನು ಚೆನ್ನಾಗಿ ಆಡ್ದೆ ಅಂತ ಅಂದ್ಕೊಂಡೇ ಇಷ್ಟು ವರ್ಷ ಬದುಕ್ದೆ. ಕೈ ಮುರಿದೋನ ಜೊತೆ ಆಡಿದ್ದೆ ಅಂದ್ರೆ..."

"ಮುರಿದಿದ್ದು ಯಾವಾಗ ಅಂತ ಕೇಳು," ಎಂದರು ಕಾಂಪೌಂಡರು.

ಬಾಕ್ಸರ್ ತಲೆಯೆತ್ತಿದರು.

"ಎರಡನೇ ರೌಂಡಲ್ಲಿ. ನಿನ್ ತಲೆ ಮೇಲೆ."

ಎದುರಿಗಿದ್ದ ಕ್ಯಾಷಿಯರು ಮುಂದಕ್ಕೆ ಬಾಗಿದರು. ಕಾಂಪೌಂಡರು ನಮ್ಮ ಕಡೆ ತಿರುಗಿ, ಅಷ್ಟು ದಿನ ನಾವು ಮಾಡಿದ ವಾದಕ್ಕೆಲ್ಲ ಒಟ್ಟಿಗೇ ಉತ್ತರ ಕೊಡುವವರಂತೆ ಹೇಳತೊಡಗಿದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಇವನ ಮುಖಕ್ಕೆ ಬಲಗೈ ಬಿಟ್ಟೆ. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಹೊಡೆತ ನಾನು ಬಿಟ್ಟಿರ್ಲಿಲ್ಲ. ಬೇರೆ ಯಾರಾಗಿದ್ರೂ ಹಿಂದಕ್ಕೆ ಸರೀತಿದ್ರು, ಇಲ್ಲ ಪಕ್ಕಕ್ಕೆ ಹೋಗ್ತಿದ್ರು. ಇವನು ಮುಂದಕ್ಕೆ ಬಂದ. ಇಷ್ಟೇ ಇಷ್ಟು ತಲೆ ಬಗ್ಗಿಸಿ ನೆತ್ತಿ ಕೊಟ್ಟ. ದವಡೆಗೆ ಅಂತ ಬಿಟ್ಟಿದ್ದು ನೆತ್ತಿಗೆ ಬಿತ್ತು. ನೆತ್ತಿ ಅಂದ್ರೆ ಕಲ್ಲು. ನನ್ನ ಕೈ ಒಳಗೇ ಲಟಕ್ ಅಂತು. ಅದು ಅಪಘಾತ ಅಲ್ಲ ಸಾಹೇಬ್ರೇ. ಬೇಕಂತ ಮಾಡಿದ್ದು. ಕಣ್ಣು ಮಿಟುಕಿಸೋದ್ರೊಳಗೆ ಅದನ್ನ ಲೆಕ್ಕ ಹಾಕೋನು ಎಷ್ಟು ಚೆನ್ನಾಗಿ ಆಡ್ತಿದ್ದ ಅಂತ ನೀವು ಕೇಳ್ತೀರಿ."

ಆಮೇಲೆ ಎಡಗೈಯ ಮಾತು ಬಂತು. ಕಾಂಪೌಂಡರು ಕೂತಲ್ಲೇ ಕೈಯೆತ್ತಿ ತೋರಿಸಿದರು. ಯಾರೇ ಹೊಡೆಯುವ ಮೊದಲು ಭುಜ ಅಲುಗುತ್ತದೆ. ಎದುರಿನವರು ಕೈ ನೋಡುವುದಿಲ್ಲ, ಭುಜ ನೋಡುತ್ತಾರೆ. "ಇವನ ಭುಜ ಏನೂ ಹೇಳ್ತಿರ್ಲಿಲ್ಲ. ಎಡಗೈ ಹಂಗೇ ಚಾಚ್ಕೊಂಡು ಇರ್ತಿತ್ತು, ಟೈಲರು ಅಳತೆ ತಗೊಂಡಂಗೆ. ಹೊಡೆದ ಅಂತ ಗೊತ್ತಾಗೋದು ಬಿದ್ದ ಮೇಲೇನೆ." ಹುಬ್ಬಿನ ಮೇಲಿನ ಗೆರೆ ಮುಟ್ಟಿ ತೋರಿಸಿದರು. "ಇದು ಅದರದ್ದೇ."

ಕ್ಯಾಷಿಯರು ಸುಲಭಕ್ಕೆ ಬಿಡುವವರಲ್ಲ. "ಅಲ್ಲಾ ಕಾಂಪೌಂಡ್ರೇ, ಕೈ ಮುರೀದೇ ಇದ್ದಿದ್ರೆ ನೀವು ಗೆಲ್ತಿದ್ರೋ ಏನೋ?"

"ಮೊದಲ್ನೇ ರೌಂಡಲ್ಲಿ ನನ್ನ ಎರಡೂ ಕೈ ಚೆನ್ನಾಗೇ ಇದ್ವು. ಅದನ್ನೂ ಸೋತಿದ್ದೆ."

ಬಾಕ್ಸರ್ ತಮ್ಮಷ್ಟಕ್ಕೆ ತಾವೇ ಲೆಕ್ಕ ಹಾಕುವವರಂತೆ ಕೇಳಿದರು.

"ಎರಡನೇ ರೌಂಡಾ? ಮೂರನೇದರಲ್ಲೂ ನೀನು ನಿಂತಿದ್ಯಲ್ಲಾ. ಹೊಡೀತಿದ್ದೆ."

"ಇನ್ನೊಂದು ಕೈ ಇತ್ತಲ್ಲಾ."

"ಬಲಗೈಲೂ ಹೊಡ್ದೆ ನೀನು. ನಂಗೆ ಜ್ಞಾಪಕ ಐತೆ. ಎರಡು ಸಲ."

"ಮುರಿದೈತೆ ಅಂತ ನಿಂಗೆ ಗೊತ್ತಾಗಬಾರದಾಗಿತ್ತು. ಅದಕ್ಕೇ ಹೊಡ್ದೆ."

ಬಾಕ್ಸರ್ ಕಾಂಪೌಂಡರ ಬಲಗೈಯನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಪೂರ್ತಿ ಮಡಿಚದ ಆ ಎರಡು ಬೆರಳುಗಳನ್ನು, ಗೆಣ್ಣಿನ ಮೇಲೆ ಉಬ್ಬಿದ ಮೂಳೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಆಮೇಲೆ ಹಳದಿ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಅಜ್ಜಂಪುರ ಬರುವವರೆಗೂ ಇಬ್ಬರೂ ಹಾಗೇ ಕೂತಿದ್ದರು.

ಬಾಕ್ಸರನ್ನು ತರೀಕೆರೆಯ ಬಸ್ಸು ಹತ್ತಿಸಿ ಕಾಂಪೌಂಡರು ಮನೆಯ ಕಡೆ ನಡೆದಾಗ ನಾನು ಹಿಂದೆಯೇ ಹೋದೆ. ತಪ್ಪಾಯಿತು ಎಂದೆ. ಅವರು ನಡಿಗೆ ನಿಧಾನ ಮಾಡಿದರು.

"ನೀನು ಹೇಳಿದ್ದು ತಪ್ಪು. ಆದ್ರೆ ನಿಂಗೆ ಸಿಕ್ಕಿದ ಕತೇನೇ ತಪ್ಪಿತ್ತಲ್ಲಾ ತಮ್ಮಾ. ಆ ತಪ್ಪು ನಂದು."

ಅವರು ಹೇಳಿದ್ದು ಇಷ್ಟು. ಕೈಗೆ ಪಟ್ಟಿ ಕಟ್ಟಿಕೊಂಡು ರಜಕ್ಕೆ ಬಂದಾಗ ಹೊಸದಾಗಿ ಮದುವೆಯಾಗಿತ್ತು. ಹೆಂಡತಿಯ ತವರಿನವರೆಲ್ಲ ಸುತ್ತ ಕೂತಿದ್ದರು. ಭಾವಮೈದುನ, ಸೋತರಂತಲ್ಲ ಭಾವಾ ಎಂದು ಕೇಳಿದ. ಇವರು ಕೈ ಮುರಿದಿತ್ತು ಎಂದರು. ಪಂದ್ಯಕ್ಕೆ ಮೊದಲೇ ಮುರಿದಿತ್ತು ಎಂದು ಅವರು ಹೇಳಲಿಲ್ಲ. ಕೇಳಿದವರು ಹಾಗೆ ಅಂದುಕೊಂಡರು, ಇವರು ತಿದ್ದಲಿಲ್ಲ. ಹೊಸ ಹೆಂಡತಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಿದ್ದನ್ನು ನೋಡಿದ ಮೇಲೆ ತಿದ್ದಲು ಬಾಯಿ ಬರಲಿಲ್ಲ. ಒಂದು ವರ್ಷವಾಯಿತು, ಹತ್ತು ವರ್ಷವಾಯಿತು. ಬಾಕ್ಸರ್ ತರೀಕೆರೆಗೆ ಬಂದು ನೆಲೆಸಿದಾಗ ಹೋಗಿ ನೋಡಬೇಕೆಂದು ಎಷ್ಟೋ ಸಲ ಹೊರಟು ಹಿಂದಿರುಗಿದರಂತೆ. ಅವನು ಒಂದು ದಿನ ಮನೆಗೆ ಬಂದರೆ, ಮಾತಿಗೆ ಮಾತು ಬಂದರೆ...

"ಈಗ ಹೋಗಿ ಹೇಳ್ಬೇಕು ನಮ್ಮನೇಲಿ," ಎಂದರು. ಮನೆಯ ತಿರುವಿನಲ್ಲಿ ನಿಂತರು. "ನೀನು ಹೋಗು."

ಒಳಗೆ ಏನಾಯಿತೆಂದು ಆಮೇಲೆ ಅಕ್ಕನೇ ಹೇಳಿದರು. ಎರಡು ದಿನ ಅವರು ಗಂಡನ ಜೊತೆ ಮಾತು ಬಿಟ್ಟಿದ್ದರಂತೆ. "ಸೋತಿದ್ದಕ್ಕಲ್ಲ ಕಣಪ್ಪಾ. ಸೋತ್ರೆ ಸೋತ್ರು. ಆ ಮನುಷ್ಯನ್ನ ನಾನು ಇಷ್ಟು ವರ್ಷ ಮನಸ್ಸಲ್ಲೇ ಬೈಕೊಂಡು ಬಂದ್ನಲ್ಲಾ. ಪೇಪರಲ್ಲಿ ಅವರ ಫೋಟೋ ಬಂದಾಗ ಹರಿದು ಒಲೆಗೆ ಹಾಕಿದ್ದೆ. ಒಂದು ಮಾತು ಹೇಳಕ್ಕೆ ಏನಾಗಿತ್ತು ಇವ್ರಿಗೆ?" ಮೂರನೆಯ ದಿನ ಗಂಡನಿಗೆ ಊಟ ಬಡಿಸುತ್ತ, ಬರುವ ಭಾನುವಾರ ಅವರನ್ನು ಊಟಕ್ಕೆ ಕರೆದುಕೊಂಡು ಬನ್ನಿ ಎಂದರಂತೆ.

ಆ ಊಟಕ್ಕೆ ನನ್ನನ್ನೂ ಕರೆದಿದ್ದರು. ಮುದ್ದೆ, ಅವರೆಕಾಳು ಸಾರು, ಒಬ್ಬಟ್ಟು. ಬಾಕ್ಸರ್ ಒಗೆದ ಬಿಳಿ ಅಂಗಿ ಹಾಕಿಕೊಂಡು, ಮದುವೆಗೆ ಬಂದ ಗಂಡಿನ ಹಾಗೆ ನಾಚಿಕೊಂಡು ಕೂತಿದ್ದರು. ಅಕ್ಕ ಬೇಡವೆಂದರೂ ಬಿಡದೆ ಬಡಿಸಿದರು. ಗೋಡೆಯ ಫೋಟೋದ ಮುಂದಿನ ಕ್ಯಾಲೆಂಡರು ಬೇರೆ ಮೊಳೆಗೆ ಹೋಗಿತ್ತು. ಯುವಕ ಸಂಘದ ಸನ್ಮಾನವೂ ನಡೆಯಿತು. ಆದರೆ ಕಾಂಪೌಂಡರ ಹಠಕ್ಕೆ ವೇದಿಕೆಯ ಮೇಲೆ ಕೂತವರು ಬಾಕ್ಸರ್. ಮೈಕು ಕೆಟ್ಟುಹೋಗಿದ್ದರಿಂದ ಯಾರ ಭಾಷಣವೂ ಯಾರಿಗೂ ಕೇಳಿಸಲಿಲ್ಲ. ಸಾವ್ಕಾರರು ದೊಡ್ಡ ಹಾರ ತಂದಿದ್ದರು.

ಕಾಂಪೌಂಡರು ಗಾಡಿಯಲ್ಲಿ ತಮ್ಮ ಜಾಗಕ್ಕೆ ಬಂದರು. ವಾದ ಮತ್ತೆ ನಡೆಯಿತು. ಕ್ಯಾಷಿಯರು ನೆತ್ತಿಯ ವಿಷಯ ಒಪ್ಪಿಕೊಂಡರೂ ಡೆಲ್ಲಿಯ ಎದುರಾಳಿಗಳ ವಿಷಯದಲ್ಲಿ ಕೊನೆಯವರೆಗೂ ಒಪ್ಪಲಿಲ್ಲ.

ಎಂಬತ್ತನೇ ಇಸವಿಯ ಮೇಲೆ ಬಾಕ್ಸರಿಗೆ ಸಕ್ಕರೆ ಕಾಯಿಲೆ ಜೋರಾಗಿ ಪಾದದಲ್ಲಿ ಗಾಯವಾಯಿತು. ಮಾಯಲಿಲ್ಲ. ಸಾಮಿಲ್ಲಿನ ಕೆಲಸ ಬಿಟ್ಟರು. ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ, ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದರು. ಕಾಂಪೌಂಡರು ಬುಧವಾರ ಸಂಜೆ ಬೀರೂರಿನಲ್ಲೇ ಗಾಡಿ ಇಳಿದು, ಭಾನುವಾರ ಮನೆಯಿಂದ ಹೊರಟು, ತಪ್ಪದೆ ತರೀಕೆರೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿ ಬರುತ್ತಿದ್ದರು. ಒಂದೆರಡು ತಿಂಗಳಲ್ಲ, ಮೂರು ವರ್ಷದ ಮೇಲೆ. ಒಂದು ಭಾನುವಾರ ನಾನೂ ಜೊತೆಗೆ ಹೋಗಿದ್ದೆ.

ಬಾಕ್ಸರ್ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಬಹಳ ಇಳಿದುಹೋಗಿದ್ದರು. ಎತ್ತರ ಮಾತ್ರ ಉಳಿದಿತ್ತು. ಕಾಂಪೌಂಡರು ಕೆಳಗೆ ಮಣೆಯ ಮೇಲೆ ಕೂತು ಹಳೆಯ ಪಟ್ಟಿ ಬಿಚ್ಚುತ್ತಿದ್ದರು. ಅದೂ ಇದೂ ಮಾತಾಡುತ್ತ ಬಾಕ್ಸರ್ ಒಂದು ಮಾತೆಂದರು.

"ನಾನೂ ಯೋಚ್ನೆ ಮಾಡ್ತಿರ್ತೀನಿ ಕಣಯ್ಯಾ. ಆ ನಿಮ್ಮ ಕ್ಯಾಷಿಯರು ಹೇಳೋದ್ರಲ್ಲೂ ಸತ್ಯ ಐತೆ. ಆಗ ಆಡೋರು ಎಷ್ಟು ಜನ ಇದ್ರು? ನಾನು ಅಷ್ಟೇನೂ ದೊಡ್ಡ ಆಟಗಾರ ಆಗಿರ್ಲಿಲ್ಲ ಅನ್ಸುತ್ತೆ."

ಕಾಂಪೌಂಡರ ಕೈ ನಿಂತಿತು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಹಂಗನ್ಬೇಡ," ಎಂದರು. "ಇನ್ನೊಂದು ಸಲ ಹಂಗನ್ಬೇಡ. ಹಂಗಾದ್ರೆ ನಾನು ಯಾರ ಕೈಲಿ ಸೋತೆ?"

ಬಾಕ್ಸರ್ ಕಾಂಪೌಂಡರ ತಲೆಯನ್ನೇ ನೋಡುತ್ತಿದ್ದರು. ಕಾಂಪೌಂಡರು ಮತ್ತೆ ಬಗ್ಗಿ ಗಾಯ ಒರೆಸತೊಡಗಿದರು. ಕೋಣೆಯಲ್ಲಿ ಔಷಧಿಯ ಘಾಟು. ಹೊರಗೆ ಯಾರೋ ಸೌದೆ ಒಡೆಯುತ್ತಿದ್ದರು...

ಮಾರನೆಯ ವರ್ಷ ಮಳೆಗಾಲದಲ್ಲಿ ಬಾಕ್ಸರ್ ತೀರಿಕೊಂಡರು. ಕಾಂಪೌಂಡರು ಎರಡು ದಿನ ರಜ ಹಾಕಿದ್ದರು. ಮೂರನೆಯ ದಿನ ಗಾಡಿಗೆ ಬಂದಾಗ ಕ್ಯಾಷಿಯರು ತಾವಾಗಿಯೇ ಎದ್ದು ಅವರ ಪಕ್ಕದಲ್ಲಿ ಕೂತರು. ಅವತ್ತು, ಆಮೇಲೂ, ನಮ್ಮಲ್ಲಿ ಆ ಮಾತು ಏಳಲಿಲ್ಲ. ಬುಧವಾರ ಸಂಜೆ ಬೀರೂರು ಬಂದಾಗ ಮಾತ್ರ ಕಾಂಪೌಂಡರು ಇಳಿಯಲು ಚೀಲ ಎತ್ತಿಕೊಂಡು, ಮತ್ತೆ ಇಡುತ್ತಿದ್ದರು. ಎಷ್ಟೋ ವಾರ ಹಾಗೆ ಮಾಡಿದರು.

ನನಗೆ ಚಿಕ್ಕಮಗಳೂರಿಗೆ ವರ್ಗವಾಯಿತು. ಮದುವೆ, ಮಕ್ಕಳು, ಬೇರೆ ಬೇರೆ ಊರು. ಮೊದಮೊದಲು ಹಬ್ಬಕ್ಕೆ ಊರಿಗೆ ಹೋದಾಗ ಅವರ ಮನೆಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದೆ. ಆಮೇಲೆ ಅದೂ ತಪ್ಪಿತು. ಕಾಂಪೌಂಡರು ತೀರಿಕೊಂಡ ಸುದ್ದಿ ಅಕ್ಕನ ಇನ್‌ಲ್ಯಾಂಡ್ ಪತ್ರದಲ್ಲಿ ಬಂತು. ಅದು ನನ್ನ ಹಳೆಯ ವಿಳಾಸಕ್ಕೆಲ್ಲ ಸುತ್ತಿ ಕೈಸೇರುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಹೋಗಬೇಕಾಗಿತ್ತು. ರಜ ಸಿಗಲಿಲ್ಲವೆಂದು ಬರೆದೆ. ಕೇಳಿದ್ದರೆ ಸಿಗುತ್ತಿತ್ತು... ನಾನು ಕೇಳಲಿಲ್ಲ. ಅಕ್ಕನೂ ಹೋಗಿ ಈಗ ಬಹಳ ವರ್ಷವಾಯಿತು. ಸಾವ್ಕಾರರಿಲ್ಲ, ಕ್ಯಾಷಿಯರಿಲ್ಲ.

ನೆಗಡಿ ವಾಸಿಯಾದ ಮೇಲೆ ನೆಂಟರ ಮದುವೆಗೆಂದು ತರೀಕೆರೆಗೆ ಹೋಗಿದ್ದೆ. ಊಟ ಮುಗಿದ ಮೇಲೆ ಕೈಯಲ್ಲಿ ಎಲೆ ಅಡಿಕೆ ಹಿಡಿದು ಹಳೆಯ ಸಾಮಿಲ್ಲು ಹುಡುಕಿಕೊಂಡು ನಡೆದೆ. ಅಲ್ಲೀಗ ಟೈಲ್ಸ್ ಅಂಗಡಿ ಇದೆ. ಬಾಗಿಲಲ್ಲಿ ನಿಂತಿದ್ದ ಯುವಕನನ್ನು, ಇಲ್ಲಿ ಹಿಂದೆ ಒಬ್ಬ ಬಾಕ್ಸರ್ ಇದ್ದರು, ಗೊತ್ತೇನಪ್ಪಾ ಎಂದು ಕೇಳಿದೆ.

"ಬಾಕ್ಸರ್ರಾ? ನಮ್ಮೂರಲ್ಲಾ? ಗೊತ್ತಿಲ್ಲ ಸಾರ್. ಚೆನ್ನಾಗಿ ಆಡ್ತಿದ್ರಾ?"

"ಬಹಳ ಚೆನ್ನಾಗಿ," ಎಂದೆ.

"ನೀವು ನೋಡಿದ್ರಾ?"

ಇಲ್ಲವೆಂದೆ. ಅವನು ಮರ್ಯಾದೆಯಿಂದಲೇ ತಲೆಯಾಡಿಸಿ, ಒಳಗೆ ಬಂದ ಗಿರಾಕಿಯ ಕಡೆ ತಿರುಗಿದ. ಅವರ ಎದುರು ನಿಂತು ಸೋತವರೊಬ್ಬರು ನನಗೆ ಹೇಳಿದ್ದಾರೆ ಎನ್ನಬೇಕೆಂದಿದ್ದೆ. ಆದರೆ ಅದು ಅವನಿಗೆ ತಿಳಿಯಬೇಕಾದರೆ ಮೊದಲು ಕಾಂಪೌಂಡರು ಯಾರೆಂದು ಹೇಳಬೇಕಿತ್ತು. ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ವಾಪಸ್ಸು ಬಂದೆ.